ಈ ಚಿರತೆಯನ್ನು ನಾನು ಮಾಡಿಲ್ಲ

ನಮ್ಮ ಭಾಗದ ವಲಯ ಅರಣ್ಯಾಧಿಕಾರಿಗಳಿಗೆ,

ಮಾನ್ಯರೇ,

ಈ ತಿಂಗಳ ಒಂಬತ್ತನೇ ತಾರೀಕು ಬೆಳಿಗ್ಗೆ ಆರೂಮುಕ್ಕಾಲಿಗೆ ನಾನು ತಮ್ಮ ಕಚೇರಿಯ ಸಹಾಯವಾಣಿಗೆ ಮೂರು ಫೋಟೋ ಕಳಿಸಿದೆ. ಮೂರರಲ್ಲೂ ಒಂದು ಚಿರತೆ ಇದೆ. ಒಂಬತ್ತು ಗಂಟೆಗೆ ಉತ್ತರ ಬಂತು: "ಎಡಿಟ್ ಮಾಡಿದ ಚಿತ್ರ ಕಳಿಸಿ ಇಲಾಖೆಯ ಸಮಯ ಹಾಳು ಮಾಡಬೇಡಿ. ಕ್ರಮ ಜರುಗಿಸಲಾಗುವುದು." ಅದಾದ ಐದನೇ ದಿನ ಆ ಚಿರತೆ ನಮ್ಮೂರಿನ ಮಾದಮ್ಮನ ಮೇಲೆ ಬಿತ್ತು. ಆಕೆ ಈಗ ಮೈಸೂರಿನ ಆಸ್ಪತ್ರೆಯಲ್ಲಿ ಹೆಗಲಿಗೆ ಇಪ್ಪತ್ತೆರಡು ಹೊಲಿಗೆ ಹಾಕಿಸಿಕೊಂಡು ಮಲಗಿದ್ದಾಳೆ. ಚಿರತೆ ಇನ್ನೂ ನಮ್ಮೂರ ನಾಲೆ ಪಕ್ಕದ ಕಬ್ಬಿನೊಳಗೇ ಇದೆ. ಮಧ್ಯಾಹ್ನ ಎರಡು ಗಂಟೆ, ಸುಡುವ ಬಿಸಿಲು, ಆದರೂ ನಾನು ಬಾಗಿಲಿಗೆ ಅಗುಳಿ ಹಾಕಿಕೊಂಡು ಈ ಪತ್ರ ಬರೆಯುತ್ತಿದ್ದೇನೆ.

ನಾನು ಯಾರೆಂದು ತಮಗೆ ಗೊತ್ತು. ತಮ್ಮ ಕಚೇರಿಯ ಕಡತವೊಂದರಲ್ಲಿ ನನ್ನ ಸಹಿ ಇದೆ. ಈ ಪತ್ರ ಓದುವ ಬೇರೆಯವರಿಗೆ ಗೊತ್ತಿಲ್ಲವಾದ್ದರಿಂದ, ತಾವು ನನ್ನ ವಿಷಯದಲ್ಲಿ ಹೇಳಬಹುದಾದ ಕೆಟ್ಟ ಮಾತನ್ನು ನಾನೇ ಮೊದಲು ಹೇಳಿಬಿಡುತ್ತೇನೆ. ಹೌದು, ಶ್ರಾವಣದಲ್ಲಿ ನಾನು ಒಂದು ಸುಳ್ಳು ಚಿರತೆಯನ್ನು ಮಾಡಿದೆ.

ನಾನು ಪದವಿಯ ಎರಡನೇ ವರ್ಷದಲ್ಲಿದ್ದೇನೆ. ನಮಗೆ ಡಿಜಿಟಲ್ ಫೋಟೋ ಎಡಿಟಿಂಗ್ ಒಂದು ವಿಷಯ. ಶ್ರೀರಂಗಪಟ್ಟಣದ ಯಾವುದಾದರೂ ಸ್ಟುಡಿಯೋದಲ್ಲಿ ಮದುವೆ ಆಲ್ಬಂ ಮಾಡುವ ಕೆಲಸ ಸಿಕ್ಕೀತೆಂದು ಸೇರಿದವಳು ನಾನು. ಸೇರಿದ ಮೇಲೆ ಆ ವಿಷಯದ ಹುಚ್ಚೇ ಹಿಡಿಯಿತು. ನಮ್ಮ ಮೇಷ್ಟ್ರು ನಾಗೇಂದ್ರ ಸರ್ ಒಂದು ಅಭ್ಯಾಸ ಕೊಟ್ಟರು: "ನಿಮಗೆ ಗೊತ್ತಿರೋ ಜಾಗದಲ್ಲಿ ಇಲ್ಲದ್ದೊಂದನ್ನ ಇಡಿ. ನೋಡಿದವರಿಗೆ ಅನುಮಾನ ಬರಬಾರದು." ಗೆಳತಿ ಪ್ರಿಯಾಂಕ ಕರಿಘಟ್ಟದ ಮೆಟ್ಟಿಲ ಮೇಲೆ ನವಿಲುಗಳನ್ನು ಕೂರಿಸಿದಳು. ನಾನು ನಮ್ಮೂರ ಹಾಲಿನ ಡೇರಿಯ ಗೋಡೆಯ ಮೇಲೆ ಚಿರತೆ ಕೂರಿಸಿದೆ.

ಮೂರು ದಿನ ಕೂತು ಮಾಡಿದೆ. ಬಿಸಿಲು ಎಡಗಡೆಯಿಂದ ಬೀಳುತ್ತಿತ್ತು, ನೆರಳನ್ನು ಬಲಕ್ಕೆ ಎಳೆದೆ. ಕಷ್ಟವಾಗಿದ್ದು ಪಾದಗಳು. ಕತ್ತರಿಸಿ ಅಂಟಿಸಿದ ಪ್ರಾಣಿ ನೆಲ ಬಿಟ್ಟು ತೇಲಿದಂತೆ ಕಾಣುತ್ತದೆ. ಗೋಡೆಯ ಸಂದಿನ ಹುಲ್ಲೆಸಳುಗಳನ್ನು ಒಂದೊಂದಾಗಿ ಪಂಜದ ಮೇಲೆ ತಂದು ಕೂರಿಸಿದೆ. ಕೊನೆಗೆ ಅಗ್ಗದ ಫೋನಿನಲ್ಲಿ ತೆಗೆದಂತೆ ಕಾಣಲೆಂದು ಇಡೀ ಚಿತ್ರವನ್ನು ಒಂಚೂರು ಕೆಡಿಸಿದೆ. ಇಪ್ಪತ್ತಕ್ಕೆ ಹತ್ತೊಂಬತ್ತು ಬಂತು.

ಆ ಖುಷಿಗೆ ಅದನ್ನು ಸ್ಟೇಟಸ್ಸಿಗೆ ಹಾಕಿ, ಅರ್ಧ ಗಂಟೆಯಲ್ಲಿ ತೆಗೆದೆ. ಅರ್ಧ ಗಂಟೆ ಸಾಕಾಯಿತು. ಸಂಜೆಯೊಳಗೆ ಅದು ಕೆ.ಆರ್.ಪೇಟೆಯ ಗುಂಪುಗಳಲ್ಲಿತ್ತು, ಮಾರನೇ ದಿನ ನಾಗಮಂಗಲದಲ್ಲಿ. ಒಬ್ಬರು ಅಕ್ಕಿಹೆಬ್ಬಾಳು ಸ್ಟೇಷನ್ನಿನ ಹಿಂದೆ ಎಂದು ಬರೆದರು, ಇನ್ನೊಬ್ಬರು ತಮ್ಮೂರ ಶಾಲೆಯ ಗೋಡೆ ಎಂದರು. ನಾನು ಸ್ಟೇಟಸ್ ಹಾಕಿದ ದಿನದ ಸಂಜೆಯೇ ಮಾದಮ್ಮ ಡೇರಿಗೆ ಹಾಲು ಹೊತ್ತುಕೊಂಡು ಹೋಗುತ್ತಿದ್ದಾಗ ಯಾರೋ "ಚಿರತೆ!" ಎಂದು ಕೂಗಿದ್ದಾರೆ. ಆಕೆ ಕ್ಯಾನು ಬಿಸಾಡಿ ಓಡಿ, ಚರಂಡಿಗೆ ಬಿದ್ದು ಬಲಗೈ ಮುರಿದುಕೊಂಡಳು. ತಮ್ಮವರು ಜೀಪು, ಬೋನು ಎಲ್ಲಾ ತಂದು ಎರಡು ದಿನ ಕಾದರು. ನಾನು ಅಪ್ಪನ ಜೊತೆ ತಮ್ಮ ಕಚೇರಿಗೆ ಬಂದು, ತಾವು ಹೇಳಿದಂತೆ ತಪ್ಪೊಪ್ಪಿಗೆ ಬರೆದು ಸಹಿ ಹಾಕಿದೆ. ಅದರಲ್ಲಿ ನನಗೆ ಯಾವ ತಕರಾರೂ ಇಲ್ಲ. ಆ ಅವಮಾನ ನನಗೆ ಸಲ್ಲಬೇಕಾದದ್ದೇ.

ಕಾಗದದ ಮೇಲೆ ಸಹಿ ಹಾಕಿದರೆ ಮುರಿದ ಕೈ ಕೂಡುವುದಿಲ್ಲ. ಹಾಗಾಗಿ ಅವತ್ತಿನಿಂದ ಮಾದಮ್ಮನ ಹಸುವಿನ ಹಾಲು ಕರೆದು ಡೇರಿಗೆ ಹಾಕುವ ಕೆಲಸ ನನ್ನದಾಯಿತು. ಮೊದಮೊದಲು ಆಕೆ ನನ್ನ ಮುಖ ನೋಡುತ್ತಿರಲಿಲ್ಲ. ಹದಿನೈದು ದಿನದ ಮೇಲೆ ಒಂದು ಲೋಟ ಕಾಫಿ ಮುಂದಿಟ್ಟು, "ಕುಡಿಯವ್ವ. ಗಾಚಾರ ನಂದು, ನಿಂದೇನ್ ಬುಡು" ಅಂದಳು. ಕೈ ಕೂಡಿದ ಮೇಲೂ ನಾನು ಹೋಗುವುದನ್ನು ಬಿಡಲಿಲ್ಲ.

ಒಂಬತ್ತನೇ ತಾರೀಕು ಬೆಳಿಗ್ಗೆ ನಾನು ಹೊರಟಿದ್ದು ಅದೇ ಹಾಲಿನ ಕ್ಯಾನು ಹಿಡಿದುಕೊಂಡು. ನಾಲೆ ಏರಿಯ ಮೇಲೆ ದಟ್ಟ ಮಂಜಿತ್ತು. ಕಬ್ಬಿನ ಅಂಚಿನಲ್ಲಿ, ನನ್ನಿಂದ ಇಪ್ಪತ್ತು ಮಾರು ದೂರದಲ್ಲಿ, ಏನೋ ಕೂತಿತ್ತು. ನಾಯಿ ಎಂದುಕೊಂಡೆ. ಅದು ತಲೆ ತಿರುಗಿಸಿತು. ಬಡಕಲು ಪ್ರಾಣಿ, ಬಲಗಿವಿ ಹರಿದಿತ್ತು. ನನ್ನ ಚಿರತೆಯಷ್ಟು ಚೆಂದ ಇರಲಿಲ್ಲ. ಗರ್ಜಿಸಲೂ ಇಲ್ಲ, ನಾನು ಅಲ್ಲಿ ನಿಂತಿರುವುದು ಅದಕ್ಕೆ ಆಗಲೇ ಗೊತ್ತಿದ್ದಂತೆ ಸುಮ್ಮನೆ ನೋಡಿತು. ಕೈ ಹೇಗೋ ಫೋನು ತೆಗೆದು ಮೂರು ಸಲ ಒತ್ತಿತು. ಅದು ಕಬ್ಬಿನೊಳಗೆ ಹೋದಾಗ ಒಂದು ಗರಿಯೂ ಸದ್ದು ಮಾಡಲಿಲ್ಲ.

ತಮ್ಮ ಉತ್ತರ ಊರಿಗೆಲ್ಲ ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಪಕ್ಕದ ಮನೆಯ ಅಂದಾನಯ್ಯನವರು ಚಿರತೆಯ ವಿಷಯ ತಿಳಿಸಲು ತಾವಾಗಿಯೇ ಅರಣ್ಯ ಕಚೇರಿಗೆ ಫೋನು ಮಾಡಿದರು. ಅತ್ತಲಿಂದ ಬಂದ ಪ್ರಶ್ನೆ ಒಂದೇ: "ಆ ಹುಡುಗಿ ಊರೇ ಅಲ್ವೇನ್ರೀ ಅದು?" ಮಧ್ಯಾಹ್ನ ನನ್ನ ಅವ್ವ ಲತ ನನ್ನ ಫೋನು ಹಿಡಿದುಕೊಂಡು ಆ ಫೋಟೋಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದಳು: "ಪೂಜ, ನನ್ ಮ್ಯಾಲ್ ಆಣೆ ಇಟ್ಟು ಯೋಳು. ನೀನೇ ಮಾಡ್ದಾ?"

ಚಿರತೆಯ ಮುಂದೆ ನಿಂತಾಗ ಅಳು ಬಂದಿರಲಿಲ್ಲ. ಆಗ ಬಂತು.

ಮಾರನೇ ದಿನ ಕಾಲೇಜಿನ ಕಂಪ್ಯೂಟರಿನಲ್ಲಿ ಆ ಫೋಟೋಗಳನ್ನು ದೊಡ್ಡದು ಮಾಡಿ, ಅಂಚುಗಳನ್ನು ಒಂದೊಂದಾಗಿ ನೋಡಿದೆ. ಏಕೆಂದು ಕೇಳಬೇಡಿ. ಕತ್ತರಿಸಿದ ಗುರುತು ಎಲ್ಲಾದರೂ ಸಿಕ್ಕಿಬಿಟ್ಟೀತೇ ಎಂಬ ಭಯ. ನಾನೇ ಕಣ್ಣಾರೆ ನೋಡಿ, ನಾನೇ ತೆಗೆದ ಚಿತ್ರದಲ್ಲಿ! ನಾಗೇಂದ್ರ ಸರ್ ಹಿಂದೆ ಬಂದು ನಿಂತರು. "ನೆರಳೇ ಇಲ್ಲವಲ್ಲಮ್ಮ ಇದಕ್ಕೆ" ಅಂದರು.

"ಮಂಜಿತ್ತು ಸರ್. ನೆರಳು ಬೀಳೋಕೆ ಬಿಸಿಲೇ ಇರ್ಲಿಲ್ಲ."

ಅವರು ತಮ್ಮ ಕುರ್ಚಿ ಎಳೆದುಕೊಂಡು ಕೂತು ಮೂಲ ಕಡತಗಳನ್ನು ತೆರೆದರು. ತೆಗೆದ ಹೊತ್ತು, ಫೋನಿನ ಗುರುತು, ಎಲ್ಲಾ ಪರೀಕ್ಷಿಸಿದರು. "ಇದು ನಿಜ" ಅಂದರು. ಅವತ್ತೇ ತಮಗೆ ಪತ್ರ ಬರೆದು, ಮೂಲ ಕಡತಗಳನ್ನು ಲಗತ್ತಿಸಿ ಕಳಿಸಿದರು. ಅದಕ್ಕೆ ಇವತ್ತಿನವರೆಗೂ ಉತ್ತರವಿಲ್ಲ. ನಾನು ಮಾಡಿದ ಸುಳ್ಳನ್ನು ನಂಬಿ ಎರಡು ದಿನ ಜೀಪಿನಲ್ಲಿ ಕಾದ ಕಚೇರಿಗೆ, ನಿಜವನ್ನು ನೋಡಲು ಎರಡು ನಿಮಿಷವೂ ಸಿಗಲಿಲ್ಲವೇ? ಚಿತ್ರವನ್ನು ಪರೀಕ್ಷಿಸಿ ಸುಳ್ಳೆಂದಿದ್ದರೆ ಒಪ್ಪುತ್ತಿದ್ದೆ. ತಾವು ಪರೀಕ್ಷಿಸಿದ್ದು ಕಳಿಸಿದವಳ ಹೆಸರನ್ನು.

ಇತ್ತ ನಾನು ಮಾದಮ್ಮನ ಮನೆಗೆ ಹೋಗಿ, ನಾಲೆ ಕಡೆ ಹೋಗಬೇಡವೆಂದು ಕಾಲಿಗೆ ಬಿದ್ದೆ. ಆಕೆ ಕುಡುಗೋಲು ಮಸೆಯುತ್ತಾ ನಕ್ಕಳು. "ಒಂದ್ಸಾರಿ ನಿನ್ ಚಿರತೆಗೆ ಎದ್ರಿ ಓಡಿ ಕೈ ಮುರ್ಕಂಡೆ ಕಣವ್ವ. ಇನ್ನೊಂದ್ಸಾರಿ ಓಡಾಕಿಲ್ಲ. ಆಫೀಸ್ನೋರೇ ಸುಳ್ಳು ಅಂದವ್ರಂತೆ."

ಆಫೀಸಿನವರೇ ಅಂದರಂತೆ! ತಮ್ಮ ಒಂದು ಸಾಲಿನ ಉತ್ತರಕ್ಕೆ ಎಂಥ ಬೆಲೆ ಇದೆ ಎಂದು ತಾವು ಯಾವತ್ತಾದರೂ ಯೋಚಿಸಿದ್ದೀರಾ?

ಹದಿನಾಲ್ಕರ ಸಂಜೆ ಐದು ಗಂಟೆಯ ಹೊತ್ತಿಗೆ ಆಕೆ ಕಬ್ಬಿನ ಸೋಗೆಯ ಹೊರೆ ತಲೆ ಮೇಲಿಟ್ಟುಕೊಂಡು ಏರಿಯ ಮೇಲೆ ಬರುತ್ತಿದ್ದಳು. ಅದು ಹಿಂದಿನಿಂದ ಹಾರಿತು. ಹೊರೆ ಇದ್ದದ್ದಕ್ಕೆ ಕುತ್ತಿಗೆ ಉಳಿಯಿತು, ಉಗುರು ಹೆಗಲಿಗಿಳಿಯಿತು. ಅಂದಾನಯ್ಯನವರ ಟ್ರಾಕ್ಟರು ಅದೇ ಹೊತ್ತಿಗೆ ಆ ದಾರಿಯಲ್ಲಿ ಬಂತು. ಅವರು ಹಾರನ್ನಿನ ಮೇಲೆ ಒತ್ತಿದ ಕೈ ತೆಗೆಯದೆ ಗಾಡಿಯನ್ನು ನೇರವಾಗಿ ಅದರ ಕಡೆಗೇ ನುಗ್ಗಿಸಿದರು. ಅದು ಬಿಟ್ಟು ಓಡಿತು. ಅದೇ ಟ್ರಾಕ್ಟರಿನಲ್ಲಿ ಪಾಂಡವಪುರಕ್ಕೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಮೈಸೂರಿಗೆ. ಹಾರನ್ನು ಕೇಳಿ ಓಡಿ ಬಂದಿದ್ದ ನಾನು ದಾರಿಯುದ್ದಕ್ಕೂ ಪಕ್ಕದಲ್ಲಿ ಕೂತು ಹೆಗಲಿಗೆ ಬಟ್ಟೆ ಒತ್ತಿ ಹಿಡಿದಿದ್ದೆ. ಶ್ರೀರಂಗಪಟ್ಟಣ ದಾಟುವಾಗ ಆಕೆ ಕಣ್ಣು ಬಿಟ್ಟು ನನ್ನ ಕಡೆ ನೋಡಿದಳು.

"ಮಕ ಕಾಣ್ತು ಕಣವ್ವ ಅದ್ರುದ್ದು. ನಿನ್ ಫೋಟೋದಾಗಿಂದೇ ಎದ್ದು ಬಂದದೇನೋ ಅನ್ಕಂಡೆ."

ಬೈದಿದ್ದರೆ ಹಗುರವಾಗುತ್ತಿದ್ದೆ. ಆಕೆ ಬೈಯಲಿಲ್ಲ.

ಮಾರನೇ ದಿನ ತಮ್ಮ ಇಲಾಖೆಯ ಕಾವಲುಗಾರ ಮರಿಯಯ್ಯ ಮೊಪೆಡ್ಡಿನಲ್ಲಿ ಬಂದರು. ಇನ್ನೇನು ನಿವೃತ್ತಿಯ ಅಂಚಿನಲ್ಲಿರುವವರು. ನಾಲೆಯ ಕೆಸರಿನಲ್ಲಿ ಮೂಡಿದ್ದ ಹೆಜ್ಜೆಯ ಪಕ್ಕ ತಮ್ಮ ಅಂಗೈ ಊರಿ ಅಳೆದು, "ಗಂಡು. ವಯಸ್ಸಾಗದೆ. ಬ್ಯಾಟೆ ಆಡಾಕಾಗ್ದೆ ಊರ್ ಕಡೆ ಬಂದದೆ" ಎಂದರು. ಫೋಟೋ ತೆಗೆದು ತಮಗೆ ಕಳಿಸಿ, ನಮ್ಮೆದುರೇ ಫೋನು ಮಾಡಿದರು. ಕಚೇರಿಯಿಂದ ಬಂದ ಉತ್ತರ ಇಷ್ಟು: ಈ ಊರಿನಿಂದ ಬಂದ ಚಿತ್ರಗಳಿಗೆ ತಜ್ಞರ ದೃಢೀಕರಣ ಆಗಬೇಕಂತೆ. ಬೋನು ನಾಗಮಂಗಲದ ಕಡೆ ಹೋಗಿದೆಯಂತೆ. ಘಟನೆ ನಡೆದ ಗದ್ದೆ ಪಾಂಡವಪುರಕ್ಕೆ ಸೇರುತ್ತದೋ ಕೆ.ಆರ್.ಪೇಟೆಗೋ ಎಂಬುದು ಮೊದಲು ತೀರ್ಮಾನವಾಗಬೇಕಂತೆ. ಮರಿಯಯ್ಯ ಫೋನನ್ನು ಜೇಬಿಗಿಟ್ಟು ತಲೆ ತಗ್ಗಿಸಿದರು. "ನಾನೇನ್ ಮಾಡ್ಲವ್ವ? ನಾ ಕಳ್ಸಿದ್ದೂ ಅವ್ರಿಗೆ ಬರೀ ಫೋಟೋನೇಯ."

ಮಾನ್ಯರೇ, ಇಪ್ಪತ್ತೆರಡು ಹೊಲಿಗೆಗೂ ದೃಢೀಕರಣ ಬೇಕೇ? ಚಿರತೆಗೆ ತಾಲ್ಲೂಕಿನ ಗಡಿಯನ್ನು ಯಾರು ತೋರಿಸಿಕೊಡಬೇಕು?

ನಾನು ಮಾಡಿದ ತಪ್ಪಿಗೆ ನನ್ನನ್ನು ನಂಬದಿರಿ. ಆದರೆ ಇನ್ನು ಮುಂದೆ ನನ್ನಂಥವರು ಸಾವಿರಾರು ಜನ ಬರುತ್ತೇವೆ. ನಾನು ಮೂರು ದಿನ ಕೂತು ಮಾಡಿದ್ದನ್ನು ಈಗ ಫೋನಿನಲ್ಲಿ ಮೂರು ನಿಮಿಷಕ್ಕೆ ಮಾಡಬಹುದು. ಹಾಗಿರುವಾಗ ಚಿತ್ರ ನೋಡಿಯೇ ತೀರ್ಮಾನ ಮಾಡುತ್ತೇವೆಂದರೆ ಏನು ಗತಿ? ಸುಳ್ಳು ಚಿತ್ರಕ್ಕೆ ಓಡಿ ಬರುವುದು, ನಿಜವಾದ ಚಿತ್ರಕ್ಕೆ ಕುರ್ಚಿ ಬಿಟ್ಟು ಏಳದಿರುವುದು, ಎರಡೂ ಒಂದೇ ರೋಗ. ಇದಕ್ಕೆ ಮದ್ದು ಕಂಪ್ಯೂಟರಿನಲ್ಲಿಲ್ಲ. ಒಬ್ಬ ಮನುಷ್ಯ ಬಂದು ಕೆಸರಿನಲ್ಲಿ ಕೈ ಊರಿ ನೋಡಬೇಕು. ಮರಿಯಯ್ಯ ಮಾಡಿದ್ದು ಅದನ್ನೇ.

ಈಗ ನಮ್ಮೂರಲ್ಲಿ ಹೆಂಗಸರು ತಟ್ಟೆ ಬಡಿಯುತ್ತಾ ಗುಂಪಿನಲ್ಲಿ ಗದ್ದೆಗೆ ಹೋಗುತ್ತಿದ್ದಾರೆ. ನಾನು ಹಾಲು ಹಾಕಲು ಹೋಗುವಾಗ ಅವ್ವ ಹಿಂದೆಯೇ ಬರುತ್ತಾಳೆ. ಗಾಳಿಗೆ ಕಬ್ಬು ಅಲುಗಿದರೆ ಇಬ್ಬರೂ ನಿಂತುಬಿಡುತ್ತೇವೆ. ಅಲುಗದಿದ್ದರೆ ಇನ್ನೂ ಹೆದರಿಕೆ.

ಬರುವ ಸೋಮವಾರ ಆ ಗದ್ದೆಯ ಕಬ್ಬು ಕಟಾವು ಶುರುವಾಗುತ್ತದೆ. ಕಡಿಯಲು ಬರುವವರು ಹೊರಗಿನ ಜಿಲ್ಲೆಯವರು. ಗಂಡ ಹೆಂಡತಿ ಇಬ್ಬರೂ ಕಡಿಯುತ್ತಾರೆ. ಎಳೆಗೂಸುಗಳನ್ನು ಹಳೆ ಸೀರೆಯ ಜೋಲಿಯಲ್ಲಿ ಮಲಗಿಸಿ, ಏರಿಯ ಮೇಲಿನ ಹೊಂಗೆ ಮರಕ್ಕೆ ಕಟ್ಟುತ್ತಾರೆ. ಹೋದ ವರ್ಷ ನಾನೇ ಎಣಿಸಿದ್ದೆ, ನಾಲ್ಕು ಜೋಲಿ. ಆ ಕೊಂಬೆಗಳು ನೆಲದಿಂದ ನನ್ನ ಎದೆಯೆತ್ತರಕ್ಕಿವೆ.

ತಾವು ನನ್ನ ಮೇಲೆ ಕ್ರಮ ಜರುಗಿಸಿ, ಬೇಡವೆನ್ನುವುದಿಲ್ಲ. ಆದರೆ ಸೋಮವಾರಕ್ಕೆ ಮೊದಲು ಬೋನು ಬರಲಿ. ಬೋನು ಬರುವುದು ತಡವಾದರೆ ತಾವೇ ಬನ್ನಿ. ಬಂದು ಆ ಮರದ ಕೆಳಗೆ ಹತ್ತು ನಿಮಿಷ, ಕಬ್ಬಿಗೆ ಬೆನ್ನು ಮಾಡಿ ನಿಂತುಕೊಳ್ಳಿ.

ಇಂತಿ,
ತಮ್ಮ ಸಹಾಯವಾಣಿಯವರು ನಂಬದ ಫೋನ್ ನಂಬರಿನವಳು,
ಪೂಜ
ಪದವಿ ಎರಡನೇ ವರ್ಷ
ಊರು: ಎರಡು ತಾಲ್ಲೂಕುಗಳ ನಡುವೆ, ಯಾರಿಗೂ ಸೇರದ್ದು