ಸ್ಟೀರಿಂಗ್ ಹಿಡಿದವರು ಯಾರು

ಭಾವನವರಿಗೆ,

ಅಕ್ಕನ ಮೂಲಕ ನೀವು ಹೇಳಿ ಕಳಿಸಿದ ಮಾತು ತಲುಪಿತು. ಇನ್ಶೂರೆನ್ಸ್ ಕಂಪನಿಗೆ ಕೊಟ್ಟ ಹೇಳಿಕೆಯನ್ನು ನಾನು ಹಿಂತೆಗೆದುಕೊಂಡು, ಅಂದು ಕಾರು ಓಡಿಸುತ್ತಿದ್ದವರು ನೀವೇ ಎಂದು ಬರೆದುಕೊಡಬೇಕಂತೆ. ಮನೆಯ ಮಾನದ ಪ್ರಶ್ನೆಯಂತೆ. ನಿಮ್ಮ ಬಾಯಲ್ಲಿ ಮಾನ ಎಂಬ ಮಾತು ಕೇಳಿ ನನಗೆ ನಗು ತಡೆಯಲಾಗಲಿಲ್ಲ.

ಕಾರು ಕೊಂಡ ದಿನ ನಿಮ್ಮ ಗತ್ತು ನೆನಪಿದೆಯೇ? ದುಡ್ಡು ನನ್ನದು. ಮನೆಮನೆಗೆ ಹೋಗಿ ಪಾರ್ಶ್ವವಾಯು ಬಡಿದವರಿಗೆ ಕೈಕಾಲು ಆಡಿಸುವುದನ್ನು ಕಲಿಸಿ ಕೂಡಿಟ್ಟದ್ದು. ಆದರೂ ಕಾರು ನಿಮ್ಮ ಹೆಸರಿಗಾಯಿತು. "ಹೊಸದಾಗಿ ಲೈಸೆನ್ಸ್ ತಗೊಂಡಿರೋ ಹುಡುಗಿ ಅಂದ್ರೆ ಇನ್ಶೂರೆನ್ಸ್ ಪ್ರೀಮಿಯಂ ಆಕಾಶಕ್ಕೆ ಹೋಗುತ್ತೆ. ಇದೆಲ್ಲ ನಿಂಗೆ ಗೊತ್ತಾಗಲ್ಲ, ನಂಗೆ ಬಿಡು" ಎಂದಿರಿ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಹರಡಿಕೊಂಡು ಕೂತು, ಕಂಪನಿ ಕೇಳಿದ್ದಕ್ಕೆಲ್ಲ ನಿಮಗೆ ಬೇಕಾದ ಉತ್ತರ ತುಂಬಿದಿರಿ. ಓಡಿಸುವವರು? ನೀವೊಬ್ಬರೇ. ಕೆಲಸಕ್ಕೆ ಬಳಸುತ್ತೀರಾ? ಇಲ್ಲ. ರಾತ್ರಿ ಎಲ್ಲಿ ನಿಲ್ಲುತ್ತದೆ? ಬೀಗ ಹಾಕಿದ ಶೆಡ್ಡಿನಲ್ಲಿ. ಪಾಪ, ಆ ಕಾರು ಒಂದು ದಿನವಾದರೂ ಶೆಡ್ಡಿನ ಮುಖ ನೋಡಿರಲಿಲ್ಲ, ನನ್ನ ಬಾಡಿಗೆ ಮನೆಯ ಮುಂದೆ ಬೀದಿಯಲ್ಲೇ ಬಿದ್ದಿರುತ್ತಿತ್ತು. ಒಂದೊಂದು ಸುಳ್ಳಿಗೂ ಪ್ರೀಮಿಯಂ ಇಳಿಯುತ್ತಿತ್ತು, ನಿಮ್ಮ ಮೀಸೆ ಏರುತ್ತಿತ್ತು. ಕಂಪನಿ ಬೆಲೆ ಕಟ್ಟುವುದು ನಾವು ಹೇಳಿದ ಮನುಷ್ಯನಿಗೆ, ಹೇಳಿದ ರಸ್ತೆಗೆ, ಹೇಳಿದ ಕೆಲಸಕ್ಕೆ. ಅವೇ ಸುಳ್ಳಾದರೆ ಕೈಯಲ್ಲಿ ಉಳಿಯುವುದು ಬರೀ ಕಾಗದ. ಇಷ್ಟು ಸಣ್ಣ ವಿಷಯ ನಿಮ್ಮಂಥ ಬುದ್ಧಿವಂತರಿಗೆ ಹೊಳೆಯಲಿಲ್ಲ ಎಂದು ನಾನು ನಂಬಬೇಕೇ?

ಆ ಸಂಜೆ ಸೈಕಲ್ಲಿನವನೊಬ್ಬ ಅಡ್ಡ ಬಂದ. ಅವನನ್ನು ತಪ್ಪಿಸಲು ಹೋಗಿ ಮೂಲೆಯ ಕ್ಷೌರದಂಗಡಿಯ ಗಾಜು ಒಡೆದುಕೊಂಡು ಒಳಗೇ ನುಗ್ಗಿದೆ. ಕ್ಷೌರಿಕ ಕುರ್ಚಿಯ ಅಡಿ ಸಿಕ್ಕಿಬಿದ್ದಿದ್ದ, ಬಲಗೈ ಮಣಿಕಟ್ಟು ಮುರಿದಿತ್ತು. ಆ ನೋವಿನಲ್ಲೂ ನನ್ನ ಮುಖ ನೋಡಿ, "ಎಲ್ರೂ ಬಾಗಿಲಿಂದ ಬರ್ತಾರಮ್ಮ, ನೀನು ಕಾರಲ್ಲೇ ಬಂದ್ಯಲ್ಲ" ಎಂದ. ನಾನು ಅಲ್ಲೇ ಕುಸಿದು ಅತ್ತೆ. ಅಕ್ಕನಿಗೆ ಫೋನ್ ಮಾಡಿದೆ. ನೀವಿಬ್ಬರೂ ಓಡಿ ಬಂದಿರಿ.

ಬಂದ ನೀವು ಅವನ ಕೈ ನೋಡಲಿಲ್ಲ, ನನಗೆ ಪೆಟ್ಟಾಯಿತೇ ಎಂದೂ ಕೇಳಲಿಲ್ಲ. "ಏಳು, ಈ ಕಡೆ ಬಾ. ಓಡಿಸ್ತಿದ್ದಿದ್ದು ನಾನು. ಗೊತ್ತಾಯ್ತಾ?" ಎಂದು ಪಿಸುಗುಟ್ಟಿದಿರಿ. ನಾನು ಏಳಲಿಲ್ಲ. ಆಗ ನರಳುತ್ತಿದ್ದ ಅವನ ಮುಂದೆ ಬಗ್ಗಿ, "ನಿಮಗೇನ್ರೀ, ಯಾರು ಓಡಿಸಿದ್ರೇನು? ದುಡ್ಡು ಬಂದ್ರೆ ಸಾಕಲ್ವಾ?" ಎಂದಿರಿ. ಕತ್ತರಿ ಹಿಡಿಯುವ ಕೈ ಮುರಿದುಕೊಂಡವನ ಹತ್ತಿರ ಸುಳ್ಳು ಸಾಕ್ಷಿ ಕೇಳಿದಿರಿ! ಅವನು ಮುಖ ಆ ಕಡೆ ತಿರುಗಿಸಿಕೊಂಡ. ಆ ಗಳಿಗೆಯಲ್ಲಿ ನಿಮ್ಮ ಮೇಲಿದ್ದ ಗೌರವ ಸತ್ತುಹೋಯಿತು. ಈಗ ಬರೆಯುತ್ತಿರುವ 'ನೀವು' ಬರೀ ಅಭ್ಯಾಸಬಲ.

ಕಂಪನಿಯ ವಿಚಾರಣೆಯವರು ಬಂದಾಗ ಇದ್ದದ್ದನ್ನು ಇದ್ದಂತೆ ಹೇಳಿದೆ. ಕಾರಿನ ರಿಪೇರಿಗೆ ಬಿಡಿಗಾಸೂ ಕೊಡುವುದಿಲ್ಲ ಎಂದರು. ಹೊರಗಿನವರಿಗೆ ಪೆಟ್ಟಾದರೆ ಮಾತ್ರ, ಪಾಲಿಸಿಯಲ್ಲಿ ಸುಳ್ಳಿದ್ದರೂ ಕಂಪನಿ ಮೊದಲು ಪರಿಹಾರ ಕೊಡಲೇಬೇಕು ಎನ್ನುತ್ತದೆ ಕಾನೂನು. ಹಾಗಾಗಿ ಕ್ಷೌರಿಕನಿಗೆ ಪರಿಹಾರ ಸಿಕ್ಕಿತು, ಪುಣ್ಯ. ಆದರೆ ಅದನ್ನು ಸುಳ್ಳು ಹೇಳಿ ಪಾಲಿಸಿ ಮಾಡಿಸಿದವರಿಂದ ವಸೂಲಿ ಮಾಡುತ್ತಾರೆ. ಆ ನೋಟಿಸ್ ಬಂದದ್ದು ನಿಮ್ಮ ಹೆಸರಿಗೆ. ಎಲ್ಲಕ್ಕೂ ನಿಮ್ಮ ಹೆಸರೇ ಬೇಕೆಂದವರು ನೀವೇ ಅಲ್ಲವೇ? ಹೆದರಬೇಡಿ, ಹಣ ನಾನು ಕಟ್ಟುತ್ತೇನೆ. ಆ ಕೈ ಮುರಿದದ್ದು ನನ್ನಿಂದ. ಈಗ ದಿನಾ ಸಂಜೆ ಅದಕ್ಕೆ ವ್ಯಾಯಾಮ ಮಾಡಿಸುತ್ತಿರುವವಳೂ ನಾನೇ. ಬೆರಳು ಮಡಚಲು ಬರುತ್ತಿದೆ. ಆದರೆ ಹೇಳಿಕೆಯ ಒಂದಕ್ಷರವನ್ನೂ ಬದಲಾಯಿಸುವುದಿಲ್ಲ.

ಬದಲಾಯಿಸಿದರೂ ನಿಮಗೆ ಉಪಯೋಗವಿಲ್ಲ. ವಿಚಾರಣೆಯವರು ನಿಮ್ಮ ಮನೆಗೂ ಹೋಗಿದ್ದರು, ನೀವಿಲ್ಲದ ಹೊತ್ತಿನಲ್ಲಿ. ಬಾಗಿಲು ತೆರೆದದ್ದು ಅಕ್ಕ. "ಓಡಿಸ್ತಿದ್ದದ್ದು ನನ್ನ ತಂಗಿ. ಇವರು ಮನೇಲಿ ಟಿವಿ ಮುಂದೆ ಕೂತಿದ್ರು" ಎಂದು ಹೇಳಿ ಸಹಿಯನ್ನೂ ಹಾಕಿದ್ದಾಳೆ. ನಿಮ್ಮೆದುರು ಗಟ್ಟಿಯಾಗಿ ಉಸಿರಾಡಲೂ ಯೋಚಿಸುತ್ತಿದ್ದ ನನ್ನ ಅಕ್ಕ!

ನನ್ನ ಮನಸ್ಸು ತಿರುಗಿಸಲೆಂದು ನೀವು ಕಳಿಸಿದವಳು ಇಲ್ಲೇ ನನ್ನೆದುರು ಕಾಲು ಚಾಚಿ ಕೂತಿದ್ದಾಳೆ. ಇದನ್ನು ಬರೆಯಲೋ ಬೇಡವೋ ಎಂದು ಕೇಳಿದೆ. "ಬರಿ. ನಾನೇ ಹೇಳಿದ್ದು ಅಂತ ದೊಡ್ಡಕ್ಷರದಲ್ಲಿ ಬರಿ. ವಾಪಸ್ ಯಾವಾಗ ಅಂತ ಕೇಳಿದ್ರೆ, ಅದನ್ನ ಮಾತ್ರ ಬರೀಬೇಡ" ಎಂದಳು.

ನೂರು ಕಾಲ ಬಾಳಿ, ಭಾವ. ಇನ್ನು ನಿಮ್ಮ ಅನ್ನ ನೀವೇ ಬೇಯಿಸಿಕೊಳ್ಳಿ.

ಇಂತಿ,
ಏನೂ ಗೊತ್ತಾಗದ ನಿಮ್ಮ ನಾದಿನಿ