ಗೋಡೆಯ ಮೇಲೆ ನೀನು

ಅಕ್ಕಾ,

ಇವತ್ತು ಮಗಳಿಗೆ ಕಾಲೇಜು ತೋರಿಸಲು ಹೋಗಿದ್ದೆ. "ಕಟ್ಟಡ ನೋಡಿ ಮರುಳಾಗಬೇಡ, ಅಲ್ಲಿ ಓದಿದವರನ್ನ ಕೇಳು" ಅಂತ ದಾರಿಯುದ್ದಕ್ಕೂ ಅವಳ ತಲೆ ತಿಂದಿದ್ದೆ. ಒಳಗೆ ಕಾಲಿಟ್ಟರೆ, ತೀರಿಹೋದ ನೀನು ಗೋಡೆಯ ಮೇಲೆ ನಗುತ್ತಿದ್ದೆ. ಆಳೆತ್ತರದ ಫೋಟೋ, ಕೆಳಗೆ 'ನಮ್ಮ ಹೆಮ್ಮೆಯ ವಿದ್ಯಾರ್ಥಿನಿ' ಎಂಬ ಬರಹ.

ನಾನು ಪದವಿ ಪಡೆದ ದಿನ ಸ್ಟುಡಿಯೋದಲ್ಲಿ "ಒಂದ್ಸಲ ಹಾಕ್ಕೋತೀನಿ ಕೊಡೇ" ಎಂದು ನನ್ನ ಗೌನು ತೊಟ್ಟು ನೀನು ತೆಗೆಸಿಕೊಂಡ ಫೋಟೋ ಅದು. ಸ್ಟುಡಿಯೋದವನು ಗಾಜಿನ ಕಪಾಟಿನಲ್ಲಿ ಇಟ್ಟುಕೊಂಡಿದ್ದ. ಇವರಿಗೆ ಹೇಗೆ ಸಿಕ್ಕಿತೋ. ಏಳನೇ ತರಗತಿಗೇ ಶಾಲೆ ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕೂತವಳು ನೀನು.

"ದೊಡ್ಡಮ್ಮ ಇಲ್ಲೇ ಓದಿದ್ದಾ? ನೀನು ಹೇಳಲೇ ಇಲ್ವಲ್ಲಮ್ಮ," ಎಂದಳು ಮಗಳು.

"ಭಾರಿ ಜಾಣೆ ಅವರು," ಎಂದ ಅಲ್ಲಿನ ಗುಮಾಸ್ತ.

ಅಲ್ಲಿ ಕೇಳಿದ್ದರಲ್ಲಿ ಅದೊಂದೇ ನಿಜ. ನಮ್ಮ ಮನೆಯಲ್ಲಿ ಆ ಮಾತನ್ನು ನಿನಗೆ ಯಾರೂ ಹೇಳಲಿಲ್ಲ, ನಾನೂ.