ಹೊಟ್ಟೆಗೆ ಒತ್ತಿದ ದಿಂಬು

ನವೆಂಬರ್ ೧೪, ಶುಕ್ರವಾರ. ಅಲ್ ಬರ್ಷಾ

ಇವತ್ತೂ ಸಿಸೇರಿಯನ್ನಿನ ಹೊಲಿಗೆ ಹಿಡಿದುಕೊಂಡೇ ಚಹಾದ ಟ್ರೇ ಎತ್ತಿದೆ. ಮಗುವನ್ನು ನೋಡಲು ಬರುವ ಇಗರ್ಜಿಯವರಿಗೆಲ್ಲ ಅತ್ತೆ ನಾರ್ಮಲ್ ಹೆರಿಗೆ ಎಂದೇ ಹೇಳಿಟ್ಟಿದ್ದಾರೆ. ಕೊಯ್ದು ತೆಗೆದರೆ ಹೆತ್ತ ಹಾಗಲ್ಲವಂತೆ. ನಾರ್ಮಲ್ ಆದವಳು ಮಲಗಿಯೇ ಇದ್ದರೆ ಜನ ಏನೆಂದುಕೊಂಡಾರು? "ಏಳು ಮಾರಾಯ್ತಿ, ಅವರೆಲ್ಲ ಕೂತಿದ್ದಾರೆ" ಎಂದರು ಅತ್ತೆ. ಶರ್ವಿನ್‌ಗೆ ಎಲ್ಲ ಗೊತ್ತು. ಗಂಡನ ಪಾಲಿನ ಕೆಲಸವೆಂದು ಬಿಸ್ಕತ್ತು ತಟ್ಟೆಗೆ ಹಾಕಿಕೊಟ್ಟ.

ಸಂಜೆ ಬನಿಯಾಸ್‌ನಿಂದ ನಾದಿನಿ ಫಿಯೋನಾಳ ಫೋನ್. ತುಂಬು ಗರ್ಭಿಣಿ. ಮಗು ಅಡ್ಡ ಮಲಗಿದೆಯಂತೆ, ಸೋಮವಾರ ಸಿಸೇರಿಯನ್. ಅತ್ತೆ ಫೋನ್ ಇಟ್ಟು ನನ್ನ ಮಂಚದ ಮೇಲೆಯೇ ಕೂತು ಅತ್ತರು. "ನನ್ನ ಮಗಳ ಹೊಟ್ಟೆ ಕೊಯ್ತಾರಂತೆ. ಹೇಗೆ ತಡಕೊಳ್ತಾಳೋ ಪಾಪ!"

ನಾನು ಅವರ ಬೆನ್ನು ಸವರಿದೆ. "ಬೇಜಾರು ಮಾಡ್ಬೇಡಿ ಮಮ್ಮಿ. ನಾರ್ಮಲ್ ಅಂತ ಹೇಳುವ. ನೋಡ್ಲಿಕ್ಕೆ ಬಂದವರಿಗೆ ಚಹಾ ಕೊಡ್ಲಿಕ್ಕೆ ಅವಳನ್ನೇ ಎಬ್ಬಿಸುವ."

ಅಳು ಗಕ್ಕನೆ ನಿಂತಿತು. ಆ ಮುಖ ನೋಡಿ ನನಗೆ ನಗು ಉಕ್ಕಿತು. ಹೊಲಿಗೆ ಹರಿದೇ ಹೋಗುತ್ತದೆ ಅನ್ನುವಷ್ಟು ನೋವು.

ಆಸ್ಪತ್ರೆಯಲ್ಲಿ ನಾನು ಕೆಮ್ಮಿದಾಗಲೆಲ್ಲ ಹೊಟ್ಟೆಗೆ ದಿಂಬು ಒತ್ತಿ ಹಿಡಿದವಳು ಫಿಯೋನಾ ಒಬ್ಬಳೇ. ಅದು ನೆನಪಿತ್ತು. ಆದರೂ ನಕ್ಕೆ.